ದೊಡ್ಡಮಾವನ ಸಾಫ್ಟ್‌ವೇರ್ ಚಂದಾ

ಸಾಫ್ಟ್‌ವೇರನ್ನು ಮೂಸಿ ನೋಡಿ ಆರಿಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ದೊಡ್ಡಮಾವ ಒಬ್ಬರೇ! ನಗಬೇಡಿ. ನರಸೀಪುರದಲ್ಲಿ ಅವರದೊಂದು ಪ್ರಿಂಟಿಂಗ್ ಪ್ರೆಸ್ಸು. ಕಾಗದ ಕೈಗೆ ಸಿಕ್ಕರೆ ಅದರಲ್ಲೇನಿದೆ ಎಂದು ಓದುವುದು ಆಮೇಲಿನ ಮಾತು. ಮೊದಲು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿಯಬೇಕು. ಅತ್ತೆಯನ್ನು ಒಪ್ಪಿದ್ದೂ ಜಾತಕದ ಕಾಗದ ಗಟ್ಟಿಯಾಗಿತ್ತು ಅಂತಲೇ ಎಂದು ನಮ್ಮಮ್ಮ ತನ್ನ ಅಣ್ಣನನ್ನು ಆಡಿಕೊಳ್ಳುವುದುಂಟು.

ಇಂಥವರಿಗೆ ಸಾಫ್ಟ್‌ವೇರ್ ಯಾಕೆ ಬೇಕಾಯಿತು ಅಂತೀರಾ? ನಂಜನಗೂಡಿನಲ್ಲಿ ಅವರ ತಮ್ಮನದು, ಅಂದರೆ ನಮ್ಮ ಚಿಕ್ಕಮಾವನದು, ಇನ್ನೊಂದು ಪ್ರೆಸ್ಸು. ಕಾರ್ಡಿನ ಕೆಲಸಕ್ಕೆ ಆರ್ಡರ್ ಇಲ್ಲಿ, ಅಚ್ಚು ಅಲ್ಲಿ. ಒಮ್ಮೆ ತಗಡೂರಿನ ಮದುವೆ ಕಾರ್ಡಿನಲ್ಲಿ ವರನ ಜಾಗಕ್ಕೆ ವಧುವಿನ ಹೆಸರು, ವಧುವಿನ ಜಾಗಕ್ಕೆ ವರನ ಹೆಸರು ಬಿತ್ತು! ಪ್ರೂಫನ್ನು ತಮ್ಮ ನೋಡಿದ್ದಾನೆಂದು ಅಣ್ಣ, ಅಣ್ಣ ನೋಡಿದ್ದಾನೆಂದು ತಮ್ಮ ಸುಮ್ಮನಿದ್ದರಂತೆ. ಮದುವೆಯೇನೋ ಚೆನ್ನಾಗಿಯೇ ಆಯಿತು, ಮಾತು ಬಿಟ್ಟವರು ಇವರಿಬ್ಬರು. ಬಾಯಿತುಂಬ ‘ಅಣ್ಣಯ್ಯ’ ಅನ್ನುತ್ತಿದ್ದ ಚಿಕ್ಕಮಾವ ‘ನರಸೀಪುರದವರು’ ಅನ್ನತೊಡಗಿದರು. ಕೆಲಸದ ಸುದ್ದಿಯೆಲ್ಲ ಬಸ್ ಕಂಡಕ್ಟರ್ ಬಾಯಲ್ಲಿ ಹೋಗಬೇಕು. ನಂಜನಗೂಡು ಮುಟ್ಟುವಷ್ಟರಲ್ಲಿ ನಾಮಕರಣದ ಕಾರ್ಡು ತಿಥಿ ಕಾರ್ಡಾಗಿರುತ್ತಿತ್ತು!

“ಎರಡು ಪ್ರೆಸ್ಸೂ ಕಂಪ್ಯೂಟರ್ನಾಗೇ ಮಾತಾಡ್ಕಳ್ಳಂಗೆ ಏನಾರ ಮಾಡ್ಕೊಡಮ್ಮಿ” ಎಂದು ಆಗಷ್ಟೇ ಕಂಪ್ಯೂಟರ್ ಕೋರ್ಸು ಮುಗಿಸಿದ್ದ ನನಗೆ ದೊಡ್ಡಮಾವ ಗಂಟುಬಿದ್ದರು. ಅದನ್ನು ತಯಾರಿಸೋ ಸಾಫ್ಟ್‌ವೇರಿಗೆ ವರ್ಷಾವರ್ಷ ಸಬ್‌ಸ್ಕ್ರಿಪ್ಷನ್ ಕಟ್ಟಬೇಕು ಮಾವ, ಅಂದೆ.

“ಚಂದಾನಾ? ವಾರಕ್ಕೊಂದು ಬತ್ತದೋ, ತಿಂಗ್ಳಿಗೊಂದೋ? ನಿಮ್ಮತ್ತೆಗೆ ಧಾರಾವಾಹಿ ಇರ್ತದಾ?”

ಮೈಸೂರಿನಿಂದ ಮಾರಾಟದವನೊಬ್ಬ ಬಂದು ಬಗೆಬಗೆಯ ಚಂದಾಗಳ ಕರಪತ್ರ ಹರಡಿದ. ಮಾವ ಒಂದೊಂದನ್ನೇ ಮೂಸಿದರು. “ಇದ್ರ ಮಸಿ ಕೈಗೇ ಅಂಟ್ತದೆ. ಈ ಕಂಪ್ನಿ ನಿಲ್ಲಕ್ಕಿಲ್ಲ” ಎಂದು ಒಂದನ್ನು ತಳ್ಳಿಯೇಬಿಟ್ಟರು. ಅವನು ಪಟ್ಟು ಬಿಡದೆ ಇನ್ನೊಂದನ್ನು ಮುಂದೆ ಹಿಡಿದ. “ಇದು ಟೀಮಿಗೆ ಅಂತಲೇ ಇರೋದು ಸಾರ್, ಹತ್ತು ಜನ ಕೂತು ಪ್ರೋಗ್ರಾಮ್ ಬರೀಬಹುದು.”

“ಬರ್ಯೋಳು ಇವ್ಳೊಬ್ಳು, ಮಾತಾಡೋರು ಇಬ್ರು. ಆ ಇಬ್ರೂ ನೆಟ್ಟಗೆ ಮಾತಾಡ್ತಿದ್ರೆ ನೀನ್ಯಾಕಪ್ಪ ಇಲ್ಲಿಗೆ ಬತ್ತಿದ್ದೆ?”

ಕೊನೆಗೆ ಒಬ್ಬರೇ ಬರೆಯುವವರಿಗಿದ್ದ ಚಿಕ್ಕ ಚಂದಾ ಗೆದ್ದಿತು. ನಮಗೆ ನಿಜಕ್ಕೂ ಬೇಕಾಗಿದ್ದುದು ಅದೇ. ಕಾಗದವೂ ಚೆನ್ನಾಗಿತ್ತಂತೆ!

ನಾನು ಬರೆಯಲು ಕೂತರೆ ಮಾವನದು ಒಂದೇ ಷರತ್ತು. “ಸುದ್ದಿ ಯಾರ್ಗೆ ಅನ್ನೋ ಜಾಗ್ದಾಗೆ ನನ್ನೆಸ್ರು ಆಕ್ಬ್ಯಾಡ, ‘ಅಣ್ಣಯ್ಯ’ ಅಂತ ಆಕು. ಅದನ್ನ ಟೈಪ್ ಮಾಡ್ದೆ ಅಲ್ಲಿಂದ ಸುದ್ದಿ ಬರಕೂಡ್ದು.”

“ಒಂದು ಬಟನ್ ಇಟ್ಟರೆ ಸಾಕಲ್ಲ ಮಾವ?”

“ಬ್ಯಾಡ. ಒಂದೊಂದಕ್ಷರಾನೂ ಅವ್ನೇ ಒತ್ಲಿ.”

ಇದೆಂಥ ಹುಚ್ಚು ಅಂದುಕೊಂಡೆ. ನಾನೇ ಹೋಗಿ ನಂಜನಗೂಡಿನಲ್ಲೂ ಹಾಕಿಕೊಟ್ಟು ಬಂದೆ. ಇಲ್ಲಿಂದ ಸುದ್ದಿ ಹೋಗುತ್ತಿತ್ತು, ಅಲ್ಲಿಂದ ಒಂದೂ ಬರಲಿಲ್ಲ. ಗಿರಾಕಿಗಳು ಕಾಯುತ್ತಿದ್ದರೂ ಮಾವ ಪರದೆಯ ಮುಂದಿನಿಂದ ಏಳರು. ಊಟದ ಡಬ್ಬಿಯೂ ಅಲ್ಲಿಗೇ ಬರತೊಡಗಿತು.

ಒಂದು ಮಧ್ಯಾಹ್ನ ಪರದೆಯ ಮೇಲೆ ಅಕ್ಷರ ಮೂಡಿತು: “ಅಣ್ಣಯ್ಯ, ಬಿಳಿಗೆರೆ ಕಾರ್ಡಿನ ಪ್ರೂಫ್ ಕಳ್ಸಿವ್ನಿ. ನೀನೂ ಒಂದ್ಸತಿ ನೋಡ್ಬುಡು.”

ಮಾವ ಅದನ್ನು ಅಂಗಡಿಯಲ್ಲಿದ್ದ ಅತ್ಯುತ್ತಮ ಲಗ್ನಪತ್ರಿಕೆ ಕಾಗದದ ಮೇಲೆ ಅಚ್ಚು ಹಾಕಿಸಿದರು. ಉಜ್ಜಲಿಲ್ಲ, ಮೂಸಲಿಲ್ಲ. ಕಣ್ಣೊರೆಸಿಕೊಂಡು ಓದಿದರು. ಮತ್ತೆ ಓದಿದರು. ಉತ್ತರ ಟೈಪ್ ಮಾಡಬೇಕು ಎನ್ನುವುದನ್ನೇ ಮರೆತು, ಪರದೆಗೆ ಬಾಯಿ ಹತ್ತಿರ ತಂದು, ನಂಜನಗೂಡಿಗೇ ಕೇಳಿಸುವ ಹಾಗೆ ಕೂಗಿದರು:

“ನೋಡ್ತೀನಿ ಕಣ್ಲಾ!”