ಎಲ್ಲಿಗೆ ಅಂತ ಕೇಳಬಾರದು

ಊರು ಬಿಟ್ಟು ಹೋದಾಗ ನನಗೆ ಏನೂ ಆಗುವುದಿಲ್ಲ. ಗುಜರಾತಿನ ಕಛ್ ತನಕ ಒಬ್ಬಳೇ ಬೈಕ್ ಓಡಿಸಿಕೊಂಡು ಹೋಗಿ ಬಂದಿದ್ದೇನೆ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ಆಗುವುದೆಲ್ಲ ಮನೆಗೆ ಬಂದ ಮೇಲೆ.

ನನ್ನ ಕಸುಬು ಹೊಲಿಗೆ ಮಿಷನ್ ರಿಪೇರಿ. ಅಪ್ಪನಿಂದ ಕಲಿತದ್ದು. ಚನ್ನಗಿರಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಟೈಲರ್‌ಗಳು ಕರೆದ ಕಡೆಗೆಲ್ಲ ಬೈಕಿನಲ್ಲೇ ಹೋಗುತ್ತೇನೆ. ಆರು ತಿಂಗಳು ದುಡಿಯುತ್ತೇನೆ, ಇಪ್ಪತ್ತು ದಿನ ದೂರ ಎಲ್ಲಾದರೂ ಹೋಗಿ ಬರುತ್ತೇನೆ. ವಯಸ್ಸು ನಲವತ್ತಾರು. ಮನೆಯಲ್ಲಿ ಒಬ್ಬ ಗಂಡ, ಒಬ್ಬರು ಅತ್ತೆ. ‘ಇನ್ನೂ ಎಷ್ಟು ದಿನ ಈ ತಿರುಗಾಟ?’ ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ: ಮೊಣಕಾಲು ಮಾತು ಕೇಳುವ ತನಕ. ಆಮೇಲೆ ಮೂರು ಚಕ್ರದ ಗಾಡಿ ತಗೊಳ್ಳುತ್ತೇನೆ.

ಈ ವರ್ಷ ನಾನು ಹೋಗಬೇಕೆಂದು ಹಟ ಹಿಡಿದದ್ದು ಹಿಮಾಚಲದ ಸ್ಪಿತಿಗೆ. ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಹೋಗಿ ಬರಬೇಕು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಮೊಣಕಾಲು ಅಷ್ಟು ದಿನ ಕಾಯುತ್ತದೆಂದು ಬರೆದುಕೊಟ್ಟಿಲ್ಲ.

ಬಟ್ಟಲು ಉಪ್ಪು

ಕಛ್‌ನಿಂದ ಬಂದ ವಾರವೇ ಹೊನ್ನಾಳಿಯ ಹೊಲಿಗೆ ಕ್ಲಾಸಿನ ಮೇಡಂ ಕರೆಸಿದರು. ಹನ್ನೆರಡು ಮಿಷನ್, ಹನ್ನೆರಡೂ ಎಣ್ಣೆ ಕಂಡು ವರ್ಷವಾಗಿತ್ತು. ನಾನು ಮಿಷನ್ ಮಗುಚಿ ನೂಲಿನ ಕಸ ತೆಗೆಯುತ್ತಿದ್ದರೆ ಮೇಡಂ ಕುರ್ಚಿ ಎಳೆದುಕೊಂಡು ಕೂತರು.

“ಅಷ್ಟು ದೂರ ಏನು ನೋಡಾಕೆ ಹೋಗಿದ್ರಿ?”

“ಉಪ್ಪು.”

“ಉಪ್ಪಾ?”

“ಕಣ್ಣು ಹಾಯೋ ತನಕ ಬರೀ ಉಪ್ಪಿನ ಬಯಲು ರೀ. ಬೆಳ್ಳಗೆ.”

“ಮತ್ತೇನೈತೆ?”

“ಮತ್ತೇನಿಲ್ಲ. ಅದೇ ಚಂದ.”

ಕಲಿಯಲು ಬಂದ ಹುಡುಗಿಯರೆಲ್ಲ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. ಮುಂದಿನ ತಿಂಗಳು ಹೋದಾಗ ಮೇಡಂ ಟೀ ಜೊತೆಗೆ ಒಂದು ಬಟ್ಟಲು ಕಲ್ಲುಪ್ಪು ತಂದು ನನ್ನ ಮುಂದಿಟ್ಟರು.

“ಎಷ್ಟೊತ್ತು ಬೇಕಾದ್ರೂ ನೋಡ್ರಿ. ಪೆಟ್ರೋಲ್ ಖರ್ಚಿಲ್ಲ.”

ನಾನೂ ಬಿಡುವವಳಲ್ಲ. ಟೀ ಮುಗಿಯುವ ತನಕ ಆ ಉಪ್ಪನ್ನೇ ನೋಡಿ, “ಚೆನ್ನಾಗೈತೆ, ಆದ್ರೆ ಇಲ್ಲಿ ಸೂರ್ಯ ಮುಳುಗೋದು ಕಾಣಲ್ಲ” ಅಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸಿದಳು.

ಒಂದು ಗುಟುಕು ನೀರು

ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಟ್ಟ ಹಾಗೆ. ಕೇಳಿಸಿಕೊಂಡವರು ವಾಪಸ್ ಒಳಗೆ ಹೋಗಿ, ಕೂತು, ಒಂದು ಗುಟುಕು ನೀರು ಕುಡಿದು ಹೊಸದಾಗಿ ಹೊರಡಬೇಕು. ಒಂದು ಸಲ ನಾನು ಇದನ್ನು ಲೆಕ್ಕಕ್ಕಿಡದೆ ಹೋಗಿ ಬಸವಾಪಟ್ಟಣದ ಹತ್ತಿರ ಪಂಕ್ಚರ್ ಆಗಿ ನಿಂತಿದ್ದೆ. ಆ ಪಂಕ್ಚರ್ ಸುದ್ದಿಯನ್ನು ನಮ್ಮ ಅತ್ತೆ ಇವತ್ತಿಗೂ ಹಬ್ಬ ಹಬ್ಬಕ್ಕೆ ತೆಗೆಯುತ್ತಾರೆ.

ಬೇರೆಯವರು ಮರೆತು ಕೇಳುತ್ತಾರೆ. ಅತ್ತೆ ನೆನಪಿಟ್ಟುಕೊಂಡು ಕೇಳುತ್ತಾರೆ.

ಜೂನ್‌ನ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಬೈಕಿನ ಎರಡೂ ಕಡೆ ಚೀಲ ಬಿಗಿದು, ಸ್ಪಿತಿಗೆ ಅಂತ ಗಾಡಿ ಚಾಲೂ ಮಾಡಿದೆ. ಅತ್ತೆ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, “ಎಲ್ಲಿಗೆ ಹೊಂಟೆ?” ಅಂದರು.

ಇಳಿದೆ. ಒಳಗೆ ಹೋದೆ, ಕೂತೆ, ನೀರು ಕುಡಿದೆ. ಹೊರಗೆ ಬಂದರೆ ಎದುರು ಮನೆಯಾಕೆ ರಂಗೋಲಿ ಬಿಟ್ಟು ಎದ್ದು ನಿಂತು, “ಎಲ್ಲಿಗಕ್ಕಾ?” ಅಂದಳು. ಮತ್ತೆ ಒಳಗೆ, ಮತ್ತೆ ನೀರು. ಮೂರನೇ ಸಲ ಹೊರಟಾಗ ಹಾಲಿನವನು ಕೇಳಿದ. ಅವನು ನಮ್ಮ ಬೀದಿಗೆ ಬರಲು ಶುರುಮಾಡಿ ಐದು ವರ್ಷವಾಗಿತ್ತು, ಅಲ್ಲಿಯ ತನಕ ‘ಅರ್ಧ ಲೀಟ್ರಾ?’ ಬಿಟ್ಟು ಬೇರೆ ಒಂದು ಪ್ರಶ್ನೆ ಕೇಳಿದವನಲ್ಲ. ಆಗ ನನಗೆ ಅತ್ತೆಯ ಸಂಚು ಅರ್ಥವಾಯಿತು, ಮೈಯೆಲ್ಲ ಉರಿಯಿತು.

ಮೂರನೇ ಲೋಟ ಮುಗಿಯುವಷ್ಟರಲ್ಲಿ ಏಳೂವರೆಯ ರಾಹುಕಾಲ ಹಿಡಿಯಿತು. ಅದು ಬಿಡುವುದರೊಳಗೆ ಹೊನ್ನಾಳಿಯಿಂದ ಫೋನು, ಶಾಲೆ ಮಕ್ಕಳ ಯೂನಿಫಾರ್ಮ್ ರಾಶಿ ಬಿದ್ದಿದೆ, ನಾಲ್ಕು ಮಿಷನ್ ನಿಂತಿವೆ ಅಂತ. ಚೀಲ ಬಿಚ್ಚಿದೆ.

“ಅತ್ತೆ, ಕೇಳಿಸ್ಕಳ್ರಿ. ಈ ಯೂನಿಫಾರ್ಮ್ ಕೆಲಸ ಮುಗೀಲಿ. ಆಮೇಲೆ ಇಡೀ ಚನ್ನಗಿರಿ ಬಂದು ಕೇಳಿದ್ರೂ ನಾನು ಹೋಗಾಕಿನೇ.”

“ಹೋಗವ್ವಾ, ನಾನೆಲ್ಲಿ ಬ್ಯಾಡ ಅಂದೆ?” ಅಂದರು ಅತ್ತೆ. “ಬಿಸಿಲು ಶುರುವಾಗೈತೆ, ನೀರು ಕುಡೀಲಿ ಅಂತ ಕೇಳ್ದೆ.”

ನೈಟಿ ಐತೇನು?

ಬಿಚ್ಚಿದ ಚೀಲಗಳನ್ನು ಹಟಕ್ಕೆ ಮತ್ತೆ ಬೈಕಿಗೇ ಬಿಗಿದೆ, ಕಂಡವರ ಕಣ್ಣಿಗೆ ಚುಚ್ಚಲಿ ಅಂತ. ಹೊನ್ನಾಳಿ ಕೆಲಸದ ನಡುವೆ ಒಂದು ದಿನ ಹಾಗೇ ನ್ಯಾಮತಿಗೆ ಹೋಗಿ, ಅಲ್ಲಿಂದ ಸೂರಗೊಂಡನಕೊಪ್ಪಕ್ಕೆ ಒಂದು ಮಿಷನ್ ನೋಡಲು ಹೊರಟೆ. ದಾರಿಯ ಮರದಡಿ ನಾಲ್ಕೈದು ಹೆಂಗಸರು ಕೂತಿದ್ದರು. ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು.

“ನೈಟಿ ಐತೇನವ್ವಾ?”

ನಾನು ಮಾರುವವಳಲ್ಲ ಅಂದರೆ ನಂಬಲಿಲ್ಲ. ಇಷ್ಟು ದೊಡ್ಡ ಚೀಲ ಹೊತ್ತು ಬಿಸಿಲಲ್ಲಿ ಹೆಂಗಸೊಬ್ಬಳು ಸುಮ್ಮನೆ ತಿರುಗುತ್ತಾಳೆಯೇ? ಚೀಲ ತೆರೆದು ತೋರಿಸಿದೆ. ಎಣ್ಣೆ ಡಬ್ಬಿ, ಬೆಲ್ಟು, ಸ್ಪ್ಯಾನರ್, ಮಡಚಿದ ಟೆಂಟು. ದೂರ ಹೋದಾಗ ಇದರಲ್ಲೇ ಮಲಗುತ್ತೇನೆ, ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ ಅಂತ ಹೇಳಿದೆ. ಅವರಲ್ಲಿ ಹಿರಿಯ ಲಂಬಾಣಿ ಅಜ್ಜಿ ಟೆಂಟಿನ ಬಟ್ಟೆ ಸವರಿ ನೋಡಿತು.

“ನಮ್ಮ ಹಿರೇರು ಎತ್ತಿನ ಮ್ಯಾಲೆ ಮನೆ ಹೇರ್ಕಂಡು ದೇಶ ಎಲ್ಲಾ ತಿರುಗಿದ್ರು. ಯಾರ್ನ ಕೇಳಿದ್ರು? ನೀನೂ ತಿರುಗು.”

ಇಷ್ಟು ವರ್ಷದಲ್ಲಿ ಇಂಥ ಮಾತು ಹೇಳಿದ್ದು ಅದೊಂದೇ ಜೀವ. ಅಜ್ಜಿ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿತು: “ಅದಿರ್ಲಿ, ನೈಟಿ ಖರೇನೂ ಇಲ್ಲೇನು?”

ನೀಲಿ ಚುಕ್ಕೆ

ನನ್ನ ಗಂಡ ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಜೀವ. ಅವರ ಪ್ರವಾಸವೆಲ್ಲ ಫೋನಿನ ಮ್ಯಾಪಿನಲ್ಲಿ. ನನ್ನ ಫೋನು ಎಲ್ಲಿದೆ ಎಂದು ಅವರ ಫೋನಿನಲ್ಲಿ ಒಂದು ನೀಲಿ ಚುಕ್ಕೆಯಾಗಿ ಕಾಣುತ್ತದೆ, ಆ ಚುಕ್ಕೆಯ ಮೇಲೆ ಅವರಿಗೆ ನನಗಿಂತ ಹೆಚ್ಚು ನಂಬಿಕೆ.

ಒಂದು ದಿನ ನ್ಯಾಮತಿಯ ಟೈಲರ್ ಒಬ್ಬರು ಅಂಗಡಿಗೆ ಬಂದು, ರಿಪೇರಿಯಾದ ಮಿಷನ್ನನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹೋದರು. ನನ್ನ ಫೋನು ಆ ಪೆಟ್ಟಿಗೆಯೊಳಗೇ ಉಳಿದಿತ್ತು. ನನಗೆ ಗೊತ್ತಿಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಅಷ್ಟರಲ್ಲಿ ನಮ್ಮವರು ಕೆಲಸದಿಂದ ಓಡೋಡಿ ಬಂದು ಪಡಸಾಲೆಯಲ್ಲಿ ಅತ್ತೆಯ ಮುಂದೆ ನಿಂತದ್ದು ಕೇಳಿಸಿತು.

“ಅವ್ವಾ, ಹೇಳ್ದೆ ಕೇಳ್ದೆ ಹೊಂಟೋದ್ಲು. ಬಸವಾಪಟ್ಟಣ ದಾಟಿ, ಹೊನ್ನಾಳಿನೂ ದಾಟಿದಾಳೆ.”

“ಯಾರು ರೀ?” ಅಂತ ಒಳಗಿಂದಲೇ ಕೇಳಿದೆ.

“ನೀನು.”

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ನನ್ನನ್ನು ನೋಡಿದರು, ಫೋನು ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಇಲ್ಲೇ ಇದೀನಲ್ರೀ.”

“ಹಂಗಂತ ನೀನು ಹೇಳ್ತೀಯ,” ಅಂದರು. “ಇದರಾಗೆ ಬ್ಯಾರೆ ಐತೆ.”

ಜಗಳೂರಿನ ದಾರಿ

ಯೂನಿಫಾರ್ಮ್ ಕೆಲಸ ಮುಗಿಯಿತು. ಮತ್ತೊಂದು ದಿನ ಗೊತ್ತುಮಾಡಿ, ಕೂಗಿ ಹೇಳಿದೆ. ಅತ್ತೆ ಹೂಬತ್ತಿ ಹೊಸೆಯುತ್ತಲೇ ಇದ್ದರು. ಆದರೆ ಹೊರಡಲು ಎರಡು ದಿನ ಇದ್ದಾಗ ಜಗಳೂರಿನಲ್ಲಿರುವ ಅವರ ಅಕ್ಕನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಬಸ್ಸಾದರೆ ದಾವಣಗೆರೆಯಲ್ಲಿ ಇಳಿದು ಹತ್ತಬೇಕು, ಮಗನ ಹೊಟ್ಟೆ ಬಸ್ಸಿಗೆ ಒಗ್ಗುವುದಿಲ್ಲ. ಅತ್ತೆ ಸ್ವಲ್ಪ ಹೊತ್ತು ನನ್ನ ಬೈಕನ್ನೇ ನೋಡಿ, “ಇದ್ರ ಮ್ಯಾಲೆ ಇಬ್ರು ಕೂರಾಕೆ ಆಗ್ತೈತೇನು?” ಅಂದರು.

ಸೆರಗಿನ ಮೇಲೆ ಹೆಲ್ಮೆಟ್ ಹಾಕಿಸಿ ಹಿಂದೆ ಕೂರಿಸಿಕೊಂಡೆ. ಗಾಡಿ ಚಾಲೂ ಆಗುವುದಕ್ಕೂ ಎದುರು ಮನೆಯಾಕೆ ಹೊರಗೆ ಬರುವುದಕ್ಕೂ ಸರಿಹೋಯಿತು. ಪಾಪ, ಹಳೆಯ ಅಭ್ಯಾಸ.

“ಎಲ್ಲಿಗೆ ಹೊಂಟ್ರಿ?”

ನಾನು ಇದಕ್ಕೇ ಕಾದವಳು. ತಕ್ಷಣ ಗಾಡಿ ಆಫ್ ಮಾಡಿದೆ. “ಇಳೀರಿ ಅತ್ತೆ. ಒಳಗೆ ಕೂತು ಒಂದು ಗುಟುಕು ನೀರು ಕುಡ್ಕಂಡು ಬರಾಣ.”

ಅತ್ತೆ ನನ್ನ ಬೆನ್ನಿಗೆ ಗುದ್ದಿದರು. “ನಾನು ಹೆಲ್ಮೆಟ್ ಹಾಕ್ಕಂಡೀನಿ, ನಂಗೇನೂ ಕೇಳ್ಸಿಲ್ಲ. ನೀನೂ ಹಾಕ್ಕಂಡೀಯ. ಬಿಡು ಗಾಡಿ.”

ದಾವಣಗೆರೆ ದಾಟಿ ಬಯಲು ಬಿಚ್ಚಿಕೊಂಡ ಮೇಲೆ, “ಎದುರಿಗೆ ಯಾರೂ ಇಲ್ವಲ್ಲ, ಒಸಿ ಜೋರಾಗಿ ಹೋಗು” ಅಂತ ಇನ್ನೊಂದು ಗುದ್ದು ಬಿತ್ತು. ಅಕ್ಕನಿಗೆ ಬಂದದ್ದು ಬರೀ ನೆಗಡಿ ಜ್ವರ, ಎದ್ದು ಕೂತಿದ್ದರು. ದಾರಿಯಲ್ಲಿ ಏನು ನೋಡಿದೆ ಅಂತ ತಂಗಿಯನ್ನು ಕೇಳಿದರು.

“ಏನೂ ಇಲ್ಲ ಕಣಕ್ಕಾ. ಬರೀ ಬಯಲು,” ಅಂದರು ನಮ್ಮ ಅತ್ತೆ. “ಅದೇ ಚಂದ.”

ನಾನು ತಲೆ ಬಗ್ಗಿಸಿ ಟೀ ಕುಡಿದೆ. ಕಣ್ಣಲ್ಲಿ ನೀರು ಬಂದಿತ್ತು, ಟೀ ಬಿಸಿಗೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಸ್ಪಿತಿಗೆ ಹೊರಡುವ ದಿನ ಚೀಲ ಬಿಗಿದು ಗಾಡಿ ಹತ್ತಿದೆ. ಎದುರು ಮನೆಯಾಕೆ ಹೊರಗೆ ಬಂದಳು. ಅತ್ತೆ ಕಟ್ಟೆಯಿಂದ ಒಂದು ನೋಟ ಬಿಟ್ಟರು, ಅವಳು ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಹಾಲಿನವನು “ಅರ್ಧ ಲೀಟ್ರಾ?” ಅಂತಷ್ಟೇ ಕೇಳಿದ. ಇನ್ನೇನು ಗೇರ್ ಹಾಕಬೇಕು, ಅಷ್ಟರಲ್ಲಿ ನನ್ನ ಗಂಡ ಮ್ಯಾಪ್ ತೆರೆದ ಫೋನು ಹಿಡಿದು ಹೊಸ್ತಿಲಿಗೆ ಬಂದು, ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಇದರಾಗೆ ಎಲ್ಲಿಗೆ ಅಂತ ಹಾಕ್ಲಿ?”

ನಾನು ಅಭ್ಯಾಸಬಲದಿಂದ ಒಂದು ಕಾಲು ಕೆಳಗಿಟ್ಟೆ.

ಅತ್ತೆ ಎದ್ದು ನಿಂತು ಮಗನಿಗೆ ಹೇಳಿದರು: “ಕೇಳಿದೋನು ನೀನು. ನೀನೇ ಒಳಗೆ ಹೋಗಿ ಕೂತ್ಕಂಡು ನೀರು ಕುಡಿ. ಅವಳು ಹೋಗ್ಲಿ.”