ನಾನು ಬಿಗಿ ಮಾಡಿದ ಕ್ಲಚ್ಚು

ಸಡಿಲವಾದದ್ದು ಏನೇ ಕಂಡರೂ ಬಿಗಿ ಮಾಡದೆ ಬಿಡಲಾರದ ಚಾಳಿ ನನ್ನದು. ನಲ್ಲಿ, ಕುಕ್ಕರಿನ ಹಿಡಿ, ಪಕ್ಕದ ಮನೆಯವರ ಗೇಟು, ಯಾವುದನ್ನೂ ಬಿಟ್ಟವನಲ್ಲ. ಬ್ಯಾಂಕಿನವರು ನನ್ನನ್ನು ಅಹಮದಾಬಾದಿಗೆ ವರ್ಗ ಮಾಡಿದಾಗ ತುಮಕೂರಿನಿಂದ ಸ್ಕೂಟರಿನ ಜೊತೆ ಈ ಚಾಳಿಯೂ ರೈಲು ಹತ್ತಿ ಬಂತು. ಅಲ್ಲಿನ ಗಾಳಿಪಟದ ಹಬ್ಬ ಉತ್ತರಾಯಣಕ್ಕೆ ಮುಂಚಿನ ಭಾನುವಾರ ಸ್ಕೂಟರ್ ಒರೆಸುತ್ತಿದ್ದಾಗ ಕ್ಲಚ್ಚಿನ ಹಿಡಿ ಕೊಂಚ ಲೊಡಲೊಡ ಅಂದಿತು. ಅಡುಗೆಮನೆಯ ಇಕ್ಕಳ ತಂದು, ಅದು ಮಿಸುಕಾಡದ ಹಾಗೆ ಕೇಬಲ್ಲಿನ ನಟ್ಟು ತಿರುಗಿಸಿ, ಕೈ ತೊಳೆದುಕೊಂಡು ಕಾಫಿ ಕುಡಿದೆ.

ಮರುದಿನ ನನ್ನಾಕೆ ಸುಮತಿಗೆ ನವರಂಗಪುರದ ಶಾಲೆಯೊಂದರಲ್ಲಿ ಇಂಟರ್‌ವ್ಯೂ. ನನ್ನ ವರ್ಗಾವಣೆಗಳ ದೆಸೆಯಿಂದ ಎರಡು ಊರುಗಳಲ್ಲಿ ಟೀಚರ್ ಕೆಲಸ ಬಿಟ್ಟವಳು. ಇದೂ ತಪ್ಪಿದರೆ ಇನ್ನು ಅರ್ಜಿಯನ್ನೇ ಹಾಕುವುದಿಲ್ಲ ಅಂದಿದ್ದಳು. ಸಾಬರಮತಿ ಸೇತುವೆ ಏರುವಷ್ಟರಲ್ಲಿ ಇಂಜಿನ್ ಕಿರುಚತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಒಂಟೆಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಪೆಟ್ರೋಲಿಗೆ ಯಾರೋ ನೀರು ಬೆರೆಸಿದ್ದಾರೆ ಅಂದೆ. ಕೈ ಅಡ್ಡ ಹಿಡಿದರೆ ಒಂದು ಆಟೋ ಕೂಡ ನಿಲ್ಲಲಿಲ್ಲ. ಸುಮತಿ ಫೈಲನ್ನು ಎದೆಗವಚಿಕೊಂಡು ಗಡಿಯಾರ ನೋಡುತ್ತಿದ್ದಳು, ಬೈಯಲಿಲ್ಲ. ಅದಕ್ಕೇ ನನಗೆ ನಿಜವಾಗಿ ಹೆದರಿಕೆಯಾಯಿತು.

ಗಾಡಿ ತಳ್ಳಿಕೊಂಡು ಸೇತುವೆ ದಾಟಿದರೆ, ಬೇವಿನ ಮರದಡಿ ಕನುಭಾಯಿ ಎಂಬ ಮೆಕ್ಯಾನಿಕ್ ಕೂತಿದ್ದ. ಗಾಳಿಪಟದ ಮಾಂಜಾ ದಾರ ಕೊಯ್ದ ಬೆರಳುಗಳಿಗೆಲ್ಲ ಟೇಪು ಸುತ್ತಿದ್ದ. ಗಾಡಿ ಸ್ಟಾರ್ಟ್ ಕೂಡ ಮಾಡಲಿಲ್ಲ ಮಹರಾಯ. ಎರಡು ಬೆರಳನ್ನು ಕ್ಲಚ್ಚಿನ ಹಿಡಿಯ ಮೇಲಿಟ್ಟು, ಪಟದ ದಾರ ಹಿಡಿದವನ ಹಾಗೆ ಆಕಾಶ ನೋಡಿದ. ಕೆಳಗೆ ಬಗ್ಗಿ ನಟ್ಟನ್ನು ಚೂರೇ ಚೂರು ಸಡಿಲಿಸಿದ, ಮತ್ತೆ ಆಕಾಶ ನೋಡಿದ. ಮುಗಿಯಿತು!

“ಸಾಹೇಬ್, ಥೋಡಿ ಢೀಲ್ ತೋ ಜೋಯಿಯೇ” ಎಂದ. ಸ್ವಲ್ಪ ಸಡಿಲ ಬೇಕೇ ಬೇಕಂತೆ. ದಾರ ಬಿಡದೆ ಎಳೆಯುತ್ತಲೇ ಇದ್ದರೆ ಪಟ ಏರುವುದಿಲ್ಲ. ಕೇಬಲ್ ಬಿಗಿದರೆ ಸದಾ ಯಾರೋ ಕ್ಲಚ್ ಹಿಡಿದೇ ಇದ್ದಂತೆ, ಇಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವುದೇ ಇಲ್ಲವಂತೆ. ಕೂದಲೆಳೆಯಷ್ಟು ಸಡಿಲವನ್ನು ಬೆರಳಲ್ಲೇ ಅಳೆದವನ ಎದುರು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಸುಮ್ಮನಿರಬಾರದಿತ್ತೇ? ಯಾವನೋ ದಡ್ಡ ಮೆಕ್ಯಾನಿಕ್ ಬಿಗಿದಿರಬೇಕು ಅಂದುಬಿಟ್ಟೆ. ಕನುಭಾಯಿ ನಟ್ಟಿನ ಮೇಲಿನ ಕಚ್ಚು ಗುರುತನ್ನು ನನಗಲ್ಲ, ಸುಮತಿಗೆ ತೋರಿಸಿ, ಇದು ಪಾತ್ರೆ ಇಳಿಸುವ ಇಕ್ಕಳದ್ದು ಬೆಹೆನ್ ಎಂದ. ಅವನನ್ನು ಪೊಲೀಸ್ ಇಲಾಖೆಗೆ ಸೇರಿಸಬೇಕಿತ್ತು.

ನಾಲ್ಕು ನಿಮಿಷ ಮುಂಚೆ ಮುಟ್ಟಿದೆವು. ಕೆಲಸವೂ ಸಿಕ್ಕಿತು. ಆರು ತಿಂಗಳ ಮೇಲೆ ಅವಳು ತನಗೇ ಒಂದು ಗಾಡಿ ಕೊಳ್ಳಲು ಹೊರಟಾಗ ಗಾಡಿ ನೋಡಿಕೊಡಲು ನಾನೂ ಠೀವಿಯಿಂದ ಹೋದೆ. ಬಣ್ಣ, ಮೈಲೇಜು ಯಾವುದನ್ನೂ ಅವಳು ವಿಚಾರಿಸಲಿಲ್ಲ. ಗೇರೂ ಕ್ಲಚ್ಚೂ ಇಲ್ಲದ ಪುಟ್ಟ ಗಾಡಿಯೊಂದರ ಸುತ್ತ ಒಂದು ಸುತ್ತು ಬಂದು, ನನ್ನ ಕಡೆ ಕೈ ತೋರಿಸಿ, ಅಂಗಡಿಯವನನ್ನು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು:

“ಇದರಲ್ಲಿ ಇವರು ಬಿಗಿ ಮಾಡುವಂಥದ್ದು ಏನಾದರೂ ಇದೆಯಾ?”