ಗುಂಡಿಯ ಸರದಿ

ಅಪಾಯವೆಂಬುದು ಯಾವುದೇ ಒಂದು ಊರಿನ ಸ್ವಂತ ಆಸ್ತಿಯಲ್ಲ ಎಂದು ಆರು ಪುರಸಭೆಗಳು ಸರ್ವಾನುಮತದಿಂದ ತೀರ್ಮಾನಿಸಿ ಈಗ ಎರಡು ವರ್ಷ. ಒಂದೊಂದು ಊರೂ ಬೇರೆ ಬೇರೆ ವಿಮೆ ಮಾಡಿಸಿ ಸುಸ್ತಾದ ಮೇಲೆ ಎಲ್ಲ ಸೇರಿ ಜಂಟಿ ವಿಮಾ ಒಕ್ಕೂಟ ಕಟ್ಟಿಕೊಂಡವು. ಎಲ್ಲಿ ಗೋಡೆ ಬೀಳಲಿ, ಎಲ್ಲಿ ಕೊಳಾಯಿ ಒಡೆಯಲಿ, ಹೊರೆ ಆರೂ ಊರಿಗೆ ಸಮಪಾಲು. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ’ ಎಂಬ ಗಾದೆಯನ್ನು ಕಚೇರಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೇವೆ. ನಾನು ಒಕ್ಕೂಟದ ನಡಾವಳಿ ಬರೆಯುವ ಗುಮಾಸ್ತ. ನಾನು ಬರೆಯದಿದ್ದರೆ ಏನೂ ನಡೆದಿಲ್ಲ ಎಂದೇ ಅರ್ಥ, ಆದ್ದರಿಂದ ನನ್ನ ಮಾತನ್ನು ಧಾರಾಳವಾಗಿ ನಂಬಬಹುದು.

ಮೊದಲ ವರ್ಷ ಒಕ್ಕೂಟ ಬಹಳ ಚೆನ್ನಾಗಿ ನಡೆಯಿತು, ಏಕೆಂದರೆ ಎಲ್ಲೂ ಏನೂ ಆಗಲಿಲ್ಲ. ಎರಡನೇ ವರ್ಷ ನಮ್ಮೂರಿನ ಟೈಲರಮ್ಮ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಚೇರಿಗೆ ಬಂದರು. ಅವರ ಅಂಗಡಿಯ ಮುಂದಿನ ಚರಂಡಿಯ ಚಪ್ಪಡಿಯನ್ನು ನೀರಿನ ಲಾರಿಯೊಂದು ಪುಡಿ ಮಾಡಿ ಹೋಗಿತ್ತು. ಆ ಗುಂಡಿಗೆ ಅವರು ಬಿದ್ದಿದ್ದರು.

“ಕೈ ಮುರೀತು, ಹೋಗ್ಲಿ ಬಿಡಿ ಸಾರ್, ಕೂಡ್ಕೊಳ್ಳತ್ತೆ. ನನಗೆ ಪರಿಹಾರ ಗಿರಿಹಾರ ಏನೂ ಬೇಡ. ನಮ್ಮತ್ತೆಗೆ ಎಪ್ಪತ್ತೆಂಟು ವರ್ಷ, ಕಣ್ಣು ಮಂಜು. ದಿನಾ ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ತರ್ತಾರೆ. ಬೇಡ ಅಂದ್ರೆ ಕೇಳೋ ಪೈಕಿ ಅಲ್ಲ. ನಾಳೆ ಅವರು ಬಿದ್ರೆ ನಾನೇನು ಮಾಡ್ಲಿ? ಒಂದು ಚಪ್ಪಡಿ ಹಾಕ್ಸಿಬಿಡಿ, ಸಾಕು.”

ಪರಿಹಾರ ಬೇಡವೆನ್ನುವವರಿಗಾಗಿ ನಮ್ಮಲ್ಲಿ ಅರ್ಜಿ ನಮೂನೆ ಇರಲಿಲ್ಲ. ವಿಷಯವನ್ನು ಸಭೆಯ ಮುಂದಿಡಬೇಕಾಯಿತು.

ಸಭೆಯಲ್ಲಿ ನಮ್ಮ ಇಂಜಿನಿಯರ್ ಎದ್ದುನಿಂತು, “ಉಗ್ರಾಣದಲ್ಲಿ ಹೊಸ ಚಪ್ಪಡಿ ಒಂದು ಸುಮ್ನೆ ಬಿದ್ದಿದೆ. ನಾಲ್ಕು ಜನ ಸಾಕು, ಅರ್ಧ ಗಂಟೆ ಕೆಲಸ” ಎಂದರು. ಪಾಪ, ಕೆಲಸಕ್ಕೆ ಹೊಸಬರು, ಸಭೆಯಲ್ಲಿ ಹೇಗೆ ಮಾತಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಅಧ್ಯಕ್ಷರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ಅಲ್ರೀ, ಈಗ ಮುಚ್ಚಿಬಿಟ್ರೆ ಇಷ್ಟು ದಿನ ತೆರೆದಿತ್ತು ಅಂತ ನಾವೇ ಒಪ್ಪಿಕೊಂಡ ಹಾಗಾಗಲ್ವಾ?”

ಎರಡನೇ ಊರಿನ ಅಧ್ಯಕ್ಷರಿಗೆ ಬೇರೆಯೇ ಸಂಕಟ. “ನಮ್ಮೂರಲ್ಲಿ ಹುಡುಕಿದ್ರೂ ಒಂದು ಗುಂಡಿ ಸಿಗಲ್ಲ. ಗುಂಡಿ ನಿಮ್ಮದು, ಹೊರೆ ಮಾತ್ರ ನಮಗೂ! ಇದ್ಯಾವ ಸೀಮೆ ನ್ಯಾಯ?”

ಮಾತಿನಲ್ಲಿ ಸತ್ಯವಿತ್ತು. ಅಪಾಯ ಸಮಪಾಲು ಎಂದು ನಿಯಮ, ಆದರೆ ಅಪಾಯವೆಲ್ಲ ಒಂದೇ ಅಂಗಡಿಯ ಮುಂದೆ ಬಿದ್ದುಕೊಂಡಿತ್ತು. ಈ ಅನ್ಯಾಯವನ್ನು ಯಾರೂ ಗಮನಿಸಿರಲಿಲ್ಲವಲ್ಲ ಎಂದು ಎಲ್ಲರಿಗೂ ನಾಚಿಕೆಯಾಯಿತು. ಮೂರು ಗಂಟೆ ಚರ್ಚಿಸಿ ಕೈಗೊಂಡ ಹದಿನೇಳನೇ ನಿರ್ಣಯವನ್ನು ನಾನೇ ಬರೆದೆ:

“ಸದರಿ ಗುಂಡಿಯನ್ನು ಆರೂ ಪುರಸಭೆಗಳು ತಲಾ ಎರಡು ತಿಂಗಳಂತೆ ಸರದಿಯ ಮೇರೆಗೆ ಹೊಂದತಕ್ಕದ್ದು. ಸರದಿ ಬಂದ ಊರು ತನ್ನ ಚರಂಡಿಯ ಒಂದು ಚಪ್ಪಡಿಯನ್ನು ಕಿತ್ತು, ಸರದಿ ಮುಗಿದ ಊರಿನ ಗುಂಡಿಗೆ ಕಳುಹಿಸತಕ್ಕದ್ದು. ಇದನ್ನು ದುರಸ್ತಿಯೆಂದು ಭಾವಿಸದೆ ವರ್ಗಾವಣೆಯೆಂದು ಭಾವಿಸತಕ್ಕದ್ದು.”

ಉಗ್ರಾಣದ ಹೊಸ ಚಪ್ಪಡಿಯನ್ನು ವ್ಯರ್ಥ ಮಾಡಲಿಲ್ಲ. ಅದರ ಮೇಲೆ ಆರೂ ಅಧ್ಯಕ್ಷರ ಹೆಸರು ಕೆತ್ತಿಸಿ ಕಚೇರಿಯ ಬಾಗಿಲ ಪಕ್ಕ ನಿಲ್ಲಿಸಿದೆವು. ಉಸ್ತುವಾರಿ ಇಂಜಿನಿಯರದ್ದೇ.

ಗುಂಡಿ ನಮ್ಮಲ್ಲಿ ಸಿದ್ಧವಾಗಿಯೇ ಇದ್ದುದರಿಂದ ಮೊದಲ ಸರದಿ ನಮ್ಮದಾಯಿತು. “ಅಯ್ಯೋ, ಇನ್ನೂ ಎರಡು ತಿಂಗಳಾ!” ಎಂದು ಟೈಲರಮ್ಮ ಹಣೆ ಚಚ್ಚಿಕೊಂಡರು. ಅವರ ಅತ್ತೆ ಹಣೆ ಚಚ್ಚಿಕೊಳ್ಳುತ್ತ ಕೂರುವವರಲ್ಲ. ಮರುದಿನ ಬೆಳಿಗ್ಗೆಯೇ ಡಬ್ಬಿಯ ಜೊತೆ ಒಂದು ಕುರ್ಚಿ, ಒಂದು ಕೋಲು ಹಿಡಿದುಕೊಂಡು ಬಂದು ಗುಂಡಿಯ ಪಕ್ಕದಲ್ಲೇ ಕುಳಿತುಬಿಟ್ಟರು.

“ಏ ಫೋನಪ್ಪಾ, ತಲೆ ಎತ್ತಿ ನಡಿಯೋ! ಯಾರದು ಸೈಕಲ್ಲು, ಬಲಕ್ಕೆ ಬಾ!”

“ಅಜ್ಜಿ, ನಿಮಗೆ ಕಣ್ಣೇ ಕಾಣಲ್ವಲ್ಲ” ಎಂದೆ ನಾನು.

“ಕಾಣದಿದ್ರೇನಪ್ಪ, ಚಪ್ಪಲಿ ಸದ್ದು ಕೇಳಲ್ವಾ? ನಿಂದು ಎಡಗಾಲಿನ ಹಿಮ್ಮಡಿ ಸವೆದಿದೆ, ಹೊಲಿಸ್ಕೋ.” ನೋಡಿಕೊಂಡೆ. ಸವೆದಿತ್ತು.

ಅತ್ತೆ ಚರಂಡಿಯ ಆಚೆ, ಪ್ಲಾಸ್ಟರ್ ಕೈಯಲ್ಲೇ ಹೊಲಿಯುವ ಸೊಸೆ ಈಚೆ. ದಿನವಿಡೀ ಜಗಳ. “ತೋಳು ಅಷ್ಟು ಬಿಗಿ ಹಿಡೀಬೇಡ್ವೇ, ಆ ಹೆಂಗಸು ಉಸಿರಾಡ್ಲಿ!” “ನೀವು ಗುಂಡಿ ನೋಡ್ಕೊಳ್ಳಿ ಅತ್ತೆ, ರವಿಕೆ ನಾನು ನೋಡ್ಕೋತೀನಿ!” ಮಧ್ಯಾಹ್ನ ಮಾತ್ರ ಇಬ್ಬರೂ ಒಂದೇ ಡಬ್ಬಿ ಬಿಚ್ಚಿಕೊಂಡು ತೆಪ್ಪಗೆ ಉಣ್ಣುತ್ತಿದ್ದರು. ಎರಡು ತಿಂಗಳಲ್ಲಿ ಒಂದು ಕೋಳಿಯೂ ಗುಂಡಿಗೆ ಬೀಳಲಿಲ್ಲ. ಇದು ಸರದಿ ಪದ್ಧತಿಯ ಯಶಸ್ಸೆಂದು ವರದಿಯಲ್ಲಿ ಬರೆದೆ.

ಅವಧಿ ಮುಗಿದ ದಿನ ಎರಡನೇ ಊರಿನ ಚಪ್ಪಡಿ ಟ್ರಾಕ್ಟರಿನಲ್ಲಿ ಬಂತು, ಗುಂಡಿ ಅಲ್ಲಿಗೆ ಹೋಯಿತು. ವಾರದೊಳಗೆ ಅಲ್ಲಿ ನಾಲ್ವರು ಬಿದ್ದರು, ನಾಲ್ಕನೆಯವರು ಅಧ್ಯಕ್ಷರೇ. ಆಸ್ಪತ್ರೆಯ ಹಾಸಿಗೆಯಿಂದಲೇ ಪತ್ರ ಬರೆಸಿದರು: “ತಾವು ಹಸ್ತಾಂತರಿಸಿದ ಗುಂಡಿ ಅಪೂರ್ಣವಾಗಿದೆ. ತಮ್ಮಲ್ಲಿದ್ದಾಗ ಅದರೊಂದಿಗೆ ಒಬ್ಬ ಅಜ್ಜಿ ಇದ್ದದ್ದು ತಮ್ಮ ವರದಿಯಿಂದಲೇ ತಿಳಿದುಬರುತ್ತದೆ. ಬಿಡಿಭಾಗಗಳ ಸಮೇತ ಕಳುಹಿಸಿಕೊಡತಕ್ಕದ್ದು.”

ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ವಹಿಯಲ್ಲಿ ದಾಖಲಿಸಿದೆ: ಕುರ್ಚಿ ಒಂದು, ಕೋಲು ಒಂದು, ಅಜ್ಜಿ ಒಂದು.

ಆದೇಶ ಓದಿ ಹೇಳಲು ಅಂಗಡಿಗೆ ಹೋದಾಗ ಟೈಲರಮ್ಮ ಕತ್ತರಿ ಕೆಳಗಿಟ್ಟರು. “ನಮ್ಮತ್ತೆ ಏನು ಸಾಮಾನಾ ಸಾರ್?”

“ಛೆ ಛೆ, ಸಾಮಾನಾದ್ರೆ ಇನ್ನೊಂದು ಕೊಂಡು ಕಳಿಸ್ತಿದ್ವಲ್ಲಮ್ಮ.”

ಅಜ್ಜಿ ಆಗಲೇ ಕೋಲು ಹುಡುಕುತ್ತಿದ್ದರು. “ಅಲ್ಲಿ ಬೀಳೋರಿಗೂ ಮನೇಲಿ ಯಾರಾದ್ರೂ ಇರ್ತಾರೆ ಕಣೇ. ಹೋಗ್ಬರ್ತೀನಿ ಬಿಡು. ನಿನ್ನ ಮಿಷನ್ ಸದ್ದಿಗೆ ತಲೆ ಚಿಟ್ಟು ಹಿಡಿದಿತ್ತು.”

“ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಸೊಸೆ ಗೊಣಗಿದರು. ಗೊಣಗುತ್ತಲೇ ಕೂತು ಕುರ್ಚಿಗೊಂದು ದಿಂಬು ಹೊಲಿದುಕೊಟ್ಟರು.

ಅಜ್ಜಿ ಈಗ ನಾಲ್ಕನೇ ಊರಿನಲ್ಲಿದ್ದಾರೆ. ಎಲ್ಲಿಗೆ ಹೋದರೂ ಒಬ್ಬರೂ ಬೀಳುತ್ತಿಲ್ಲ. ಪ್ರತಿ ಊರೂ ಗುಂಡಿಯನ್ನು ಇನ್ನೆರಡು ತಿಂಗಳು ತನ್ನಲ್ಲೇ ಬಿಡಬೇಕೆಂದು ಕೇಳುತ್ತಿದೆ. ಇಂಥ ಒಳ್ಳೆಯ ಗುಂಡಿಯನ್ನು ಕೈಬಿಟ್ಟೆವಲ್ಲ ಎಂದು ನಮ್ಮ ಅಧ್ಯಕ್ಷರು ಈಗಲೂ ಕೊರಗುತ್ತಾರೆ.

ಹೋದ ಸೋಮವಾರ ಟೈಲರಮ್ಮ ಮತ್ತೆ ಕಚೇರಿಗೆ ಬಂದರು. ಕೈ ಕೂಡಿಕೊಂಡಿತ್ತು.

“ಚಪ್ಪಡಿ ಹೇಗಿದೆಯಮ್ಮ?” ಎಂದು ಕೇಳಿದೆ.

“ಆನೆ ನಿಂತ್ರೂ ಅಲುಗಲ್ಲ ಸಾರ್.” ಕುರ್ಚಿ ಎಳೆದುಕೊಂಡು ಕೂತರು. “ನಮ್ಮ ಗುಂಡಿ ಯಾವಾಗ ವಾಪಸ್ ಕೊಡ್ತೀರಿ?”

“ಇನ್ನೂ ಎರಡು ಊರು ಬಾಕಿ ಇದೆಯಲ್ಲಮ್ಮ.”

“ಬೇಗ ಕೊಡಿ ಸಾರ್. ಮಧ್ಯಾಹ್ನ ಒಬ್ಬಳೇ ಡಬ್ಬಿ ಬಿಚ್ಚಿದ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ಬೇಕಾದ್ರೆ ಇನ್ನೊಂದ್ಸಲ ಬಿದ್ದು ಕೈ ಮುರ್ಕೋತೀನಿ.”

ನನ್ನ ಊಟದ ಡಬ್ಬಿಯನ್ನು ಅವರತ್ತ ಸರಿಸಿದೆ. ಅದನ್ನು ನಡಾವಳಿಯಲ್ಲಿ ಬರೆದಿಲ್ಲ. ಸದ್ಯಕ್ಕೆ ಗುಂಡಿ ಬೇಡಿಕೆಗೆಂದೇ ಹೊಸ ನಮೂನೆ ಅಚ್ಚಾಗಿದೆ, ಮೊದಲ ಅರ್ಜಿ ಅವರದೇ. ಮತ್ತೆ ಚಪ್ಪಡಿ ಕೀಳುವಾಗ ಜಾಗ ಬದಲಾಗಬಾರದು, ಮೊದಲಿದ್ದಲ್ಲೇ ಇರಬೇಕು ಎಂದು ಅಗಲ, ಉದ್ದ, ಆಳ ಎಲ್ಲವನ್ನೂ ಟೇಪು ಹಿಡಿದು ಬರೆದುಕೊಟ್ಟಿದ್ದಾರೆ. ಇಂಜಿನಿಯರ್ ಹೋಗಿ ಪರಿಶೀಲಿಸಿ ಬಂದರು. ಅಳತೆ ಒಂದು ಎಳೆಯಷ್ಟೂ ತಪ್ಪಿಲ್ಲವಂತೆ.